ಒದ್ದೆ ಕೈಗೆ ಎರಡು ಹನಿ ಎಣ್ಣೆ

ನನ್ನ ಅಕ್ಕ ರೇಷ್ಮೆ ಗಿರಣಿಯ ತಪಾಸಣೆ ಮೇಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಕೂತು ಮಾಡುವ ಕೆಲಸ ಅಂದರೆ ಆರಾಮ ಅಂದುಕೊಂಡವರು ಒಂದು ದಿನ ಅಲ್ಲಿ ಬಂದು ಕೂರಲಿ, ಆಮೇಲೆ ಮಾತಾಡೋಣ. ಮಗ್ಗದಿಂದ ಇಳಿದ ಬಟ್ಟೆಯ ಥಾನು ಮೇಜಿನ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಸರಿಯುತ್ತಿರುತ್ತದೆ. ಅಕ್ಕ ಅದರ ಮೇಲೆ ಎರಡೂ ಅಂಗೈ ಹರಡಿ, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಾಳೆ. ಎಲ್ಲೋ ಒಂದು ಎಳೆ ಸಡಿಲ, ಎಲ್ಲೋ ಸಾಸಿವೆಗಿಂತ ಸಣ್ಣ ಗಂಟು. ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗದ್ದು ಅವಳ ಬೆರಳಿಗೆ ಸಿಗುತ್ತದೆ. “ನಿಲ್ಸಿ” ಅನ್ನುತ್ತಾಳೆ, ಬಟ್ಟೆ ನಿಲ್ಲುತ್ತದೆ. ಗಿರಣಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಬೆರಳಕ್ಕ ಅಂತ.

ನಾನಿರುವುದು ಅದೇ ಗಿರಣಿಯ ಕೆಳಗಿನ ಮಹಡಿಯಲ್ಲಿ. ತಪಾಸಣೆಯಾದ ಬಟ್ಟೆಯನ್ನು ಮಡಚಿ, ಮಡಿಕೆಗಳ ನಡುವೆ ತೆಳು ಕಾಗದ ಇಟ್ಟು, ಪೆಟ್ಟಿಗೆಗೆ ಹಾಕುವ ಕೆಲಸ. ನನಗಿಟ್ಟ ಹೆಸರು ಡಬ್ಬಿ. ಭಾನುವಾರ ಭಾನುವಾರ ನಾನು ಮನೆಯಲ್ಲಿ ಜೇನುಮೇಣ, ಬಾದಾಮಿ ಎಣ್ಣೆ ಕರಗಿಸಿ ಮುಲಾಮು ಮಾಡಿ, ತಗಡಿನ ಪುಟ್ಟ ಡಬ್ಬಿಗಳಲ್ಲಿ ತುಂಬಿ ಮಾರುತ್ತೇನೆ, ಅದಕ್ಕೆ. ಬಣ್ಣವಿಲ್ಲ, ಸೆಂಟಿಲ್ಲ, ಎಲ್ಲವೂ ನೈಸರ್ಗಿಕ. ಬೀದಿಯಲ್ಲಿ ಯಾರ ಹಿಮ್ಮಡಿ ಒಡೆದರೂ, ಯಾರ ಮಗುವಿನ ಕೆನ್ನೆ ಒಣಗಿದರೂ ಓಡಿಬರುವುದು ನನ್ನ ಹತ್ತಿರವೇ. ಚರ್ಮದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ಮೆರೆಯುತ್ತಿದ್ದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಯಾರಾದರೂ ತಪ್ಪು ತೋರಿಸಿದರೆ ಮೂರು ತಿಂಗಳು ಅವರ ಮನೆ ಹೊಸಿಲು ತುಳಿಯುವುದಿಲ್ಲ.

ಪ್ರತಿ ತಿಂಗಳ ಒಂದನೇ ತಾರೀಖು ತಪಾಸಣೆಯವರಿಗೆಲ್ಲ ಕೈ ಪರೀಕ್ಷೆ. ಇದು ಯಾವ ಕಾಲದಿಂದ ಬಂತೋ ಯಾರಿಗೂ ಗೊತ್ತಿಲ್ಲ. ಮೊದಲು ಆ ತೆಳು ಕಾಗದದ ಮೇಲೆ ಎರಡೂ ಅಂಗೈ ಒತ್ತಬೇಕು. ಕೈಯಲ್ಲಿ ಎಣ್ಣೆಯಿದ್ದರೆ ಕಾಗದದಲ್ಲಿ ಬೆಳಕು ತೂರುವಂಥ ಕಲೆ ಬೀಳುತ್ತದೆ. ಆ ಕೈ ಮುಟ್ಟಿದ ರೇಷ್ಮೆಗೂ ಅದೇ ಗತಿ. ಆಮೇಲೆ ಮೇಸ್ತ್ರಿ ಗಿರಣಿಯ ಅತಿ ತೆಳುವಾದ ಬಿಳಿ ರೇಷ್ಮೆಯ ತುಂಡೊಂದನ್ನು ಅಂಗೈ ಮೇಲೆ, ಒಂದೊಂದೇ ಬೆರಳಿನ ಮೇಲೆ ಎಳೆಯುತ್ತಾರೆ. ಚರ್ಮ ಒಣಗಿ ಎಲ್ಲಾದರೂ ಸಿಪ್ಪೆ ಎದ್ದಿದ್ದರೆ ಎಳೆ ಸಿಕ್ಕಿಕೊಂಡು ಚರ್ ಅನ್ನುತ್ತದೆ. ಮೇಸ್ತ್ರಿ ತಲೆ ಬಗ್ಗಿಸಿ ಕಿವಿಗೊಟ್ಟು ಕೇಳುತ್ತಾರೆ. ಜಿಡ್ಡಾದರೂ ಸೋತೆ, ಒಣಗಿದರೂ ಸೋತೆ. ಸೋತವರಿಗೆ ಒಂದು ತಿಂಗಳ ಗಡುವು. ಮತ್ತೆ ಸೋತರೆ ಕೆಳಗಿನ ಮಹಡಿಗೆ, ನಮ್ಮ ಜೊತೆಗೆ. ಕೆಳಗಿಳಿದವರು ತಿಂಗಳು ತಿಂಗಳು ಮತ್ತೆ ಪರೀಕ್ಷೆಗೆ ನಿಲ್ಲಬಹುದು, ನಿಂತವರು ಮಾತ್ರ ಕಡಿಮೆ. ನಾನು ಹದಿನೆಂಟು ವರ್ಷದ ಹಿಂದೆ ಹೀಗೇ ಇಳಿದವಳು. ಮೇಸ್ತ್ರಿಗೆ ಎರಡು ಮಾತು ಅಂದು ಬಂದವಳು ಮತ್ತೆ ಆ ಮೆಟ್ಟಿಲಿನ ಕಡೆ ತಲೆ ಹಾಕಲಿಲ್ಲ.

ಅಕ್ಕ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಸೋತಿರಲಿಲ್ಲ. ಭಾವ ತೀರಿಕೊಂಡ ವರ್ಷವೂ ಸೋಲಲಿಲ್ಲ. ಆ ಮೇಜು ಬಿಟ್ಟರೆ ಅವಳಿಗೆ ತನ್ನದು ಅಂತ ಹೇಳಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಹಾಗಿದ್ದವಳು ಒಂದು ಒಂದನೇ ತಾರೀಖು ಸೋತುಬಿಟ್ಟಳು. ರೇಷ್ಮೆ ಅವಳ ಬಲಗೈ ಮೇಲೆ ಮೂರು ಕಡೆ ಸಿಕ್ಕಿಕೊಂಡಿತು. ಸುದ್ದಿ ನನ್ನ ಮಹಡಿಗೂ ಬಂತು.

ಸಂಜೆ ಅವಳ ಮನೆಗೆ ಹೋದೆ. “ಎಲ್ಲಿ, ಕೈ ತೋರ್ಸು” ಅಂದೆ.

“ಏನಿಲ್ಲ ಬಿಡೇ.”

“ಏನಿಲ್ಲದೇನೇ ಮೂರು ಕಡೆ ಸಿಕ್ಕಿಕೊಳ್ತಾ? ತೋರ್ಸು ಅಂದ್ರೆ ತೋರ್ಸಬೇಕು.”

ಬಲವಂತವಾಗಿ ಹಿಡಿದು ನೋಡಿದೆ. ಬೆರಳ ಗೆಣ್ಣುಗಳಲ್ಲಿ ಒಡಕು, ಉಗುರಿನ ಸುತ್ತ ಸಿಪ್ಪೆ, ಅಂಗೈಯಲ್ಲಿ ಬಿಳಿ ಬಿಳಿ ಗೆರೆ. ಅಮ್ಮ ಹಾಸಿಗೆ ಹಿಡಿದು ಆಗ ಹನ್ನೊಂದು ತಿಂಗಳಾಗಿತ್ತು. ಇದ್ದದ್ದು ಅಕ್ಕನ ಮನೆಯಲ್ಲೇ. ಹಾಸಿಗೆ ಬಟ್ಟೆ ದಿನಕ್ಕೆ ಎರಡು ಸಲವಾದರೂ ಬದಲಾಗಬೇಕು. ಮನೆಯಲ್ಲಿ ಬಟ್ಟೆ ಒಗೆಯುವ ಮಷಿನ್ ಇದೆ, ಆದರೆ ಅಕ್ಕನಿಗೆ ಅದರ ಮೇಲೆ ನಂಬಿಕೆಯಿಲ್ಲ. ಮಷಿನ್ನಿನಿಂದ ತೆಗೆದದ್ದನ್ನು ಮತ್ತೆ ಬಕೆಟ್ಟಿನಲ್ಲಿ ಜಾಲಿಸುತ್ತಾಳೆ. ಸೋಪಿನಂಶ ಉಳಿದರೆ ಅಮ್ಮನ ಬೆನ್ನು ಉರಿಯುತ್ತದಂತೆ. ಕೈಗವಸು ಹಾಕಿಕೋ ಅಂದರೆ, “ಹಾಕ್ಕೊಂಡ್ರೆ ಸೋಪು ಹೋಯ್ತೋ ಇಲ್ವೋ ಬೆರಳಿಗೆ ಹೇಗೆ ಗೊತ್ತಾಗಬೇಕು?” ಅನ್ನುತ್ತಾಳೆ. ಬೆರಳಿನಿಂದ ಬದುಕುವವರ ಹಣೆಬರಹ ಇದು, ಬಕೆಟ್ಟಿನ ಮುಂದೆಯೂ ತಪಾಸಣೆಯೇ.

“ಇಷ್ಟೇ ತಾನೇ? ನನ್ ಮುಲಾಮು ಇರೋದು ಯಾಕೆ?” ಅಂದು ಮಾರನೆಯ ದಿನವೇ ನಾಲ್ಕು ಡಬ್ಬಿ ತಂದುಕೊಟ್ಟೆ. “ಬೆಳಗ್ಗೆ ಹಚ್ಚು, ಸಂಜೆ ಹಚ್ಚು, ದಪ್ಪಗೆ ಹಚ್ಚು.”

ಅಕ್ಕ ನನ್ನ ಮಾತು ಮೀರುವವಳಲ್ಲ. ದಪ್ಪಗೆ ಹಚ್ಚಿದಳು. ಎರಡು ದಿನ ಕೈ ಮಿರಮಿರ ಮಿಂಚಿತು, ನಾನು ಇಡೀ ಮಡಿಕೆ ವಿಭಾಗಕ್ಕೆ ಕೇಳಿಸುವಂತೆ ಜಂಬ ಕೊಚ್ಚಿಕೊಂಡೆ. ಒಳಗಿನ ಒಣಗು ಒಳಗೇ ಇತ್ತು, ಮೇಲೆ ಮೇಣ ಮೆತ್ತಿತ್ತು ಅಷ್ಟೇ. ಐದನೇ ದಿನ ಕೆನೆ ಬಣ್ಣದ ಥಾನೊಂದರ ಮೇಲೆ ಅವಳ ಹೆಬ್ಬೆರಳಿನ ಗುರುತು ಎಣ್ಣೆಯಾಗಿ ಮೂಡಿತು. ಬೇರೆ ಯಾರೂ ನೋಡಿರಲಿಲ್ಲ, ಅವಳೇ ಎದ್ದು ಮೇಸ್ತ್ರಿಗೆ ತೋರಿಸಿದಳು. ಮೇಸ್ತ್ರಿ ಒಳ್ಳೆಯ ಮನುಷ್ಯ, ಬೈಯಲಿಲ್ಲ. “ಏನಮ್ಮಾ, ನೀನೇ ಹೀಗೆ ಮಾಡಿದ್ರೆ?” ಅಂದರಂತೆ. ಅದಕ್ಕಿಂತ ಎರಡು ಏಟು ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಎಣ್ಣೆ ಕಂಡರೆ ಭಯ ಹತ್ತಿತು ಅವಳಿಗೆ. ನನ್ನ ಡಬ್ಬಿಗಳನ್ನು ಕಪಾಟಿಗೆ ಸೇರಿಸಿ, ಇನ್ನೊಂದು ದಾರಿ ಹಿಡಿದಳು. ಒಣಗಿದ್ದಕ್ಕೆ ಬೇಕಾದದ್ದು ನೀರು, ನೀರಾದರೆ ರೇಷ್ಮೆಗೆ ಕಲೆ ಹತ್ತಿಸುವುದಿಲ್ಲ, ಇದು ಅವಳ ಲೆಕ್ಕಾಚಾರ. ಗಂಟೆಗೊಮ್ಮೆ ನಲ್ಲಿಯ ಕೆಳಗೆ ಕೈ ಹಿಡಿಯುವುದು, ಒರೆಸುವುದು, ಬಂದು ಕೂರುವುದು. ನೆನೆದಾಗ ಚರ್ಮ ಮೆತ್ತಗಾಗುತ್ತದೆ, ನಿಜ. ಆದರೆ ಆ ನೀರು ಆರುವಾಗ ಸುಮ್ಮನೆ ಹೋಗುವುದಿಲ್ಲ, ಕೈಯಲ್ಲಿದ್ದ ಅಲ್ಪಸ್ವಲ್ಪ ಜಿಡ್ಡನ್ನೂ ಎತ್ತಿಕೊಂಡು ಹೋಗುತ್ತದೆ. ನಾಲ್ಕೇ ದಿನದಲ್ಲಿ ಗೆಣ್ಣುಗಳು ಬಿರಿದು ರಕ್ತ ಬಂತು.

ಇದನ್ನು ನಾನು ನೋಡಿದ್ದು ಹತ್ತನೇ ತಾರೀಖು ಸಂಜೆ, ಮುಲಾಮಿನ ಪ್ರತಾಪ ಕೇಳಿಸಿಕೊಳ್ಳೋಣ ಅಂತ ಹೋದಾಗ. ಡಬ್ಬಿಗಳು ಕಪಾಟಿನಲ್ಲಿ ಹಾಗೇ ಇದ್ದವು. ನನಗೆ ಪಿತ್ತ ನೆತ್ತಿಗೇರಿತು.

“ಹಚ್ಚೋದೇ ನಿಲ್ಸಿದ್ದೀಯಲ್ಲ ನೀನು! ಊರಿಗೆಲ್ಲ ಆಗೋ ಮದ್ದು ಮನೆಯವಳಿಗೆ ಬೇಡ್ವಾ?”

ಅಕ್ಕ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಹೊರಗೆ ಹೋದಳು. ಎಣ್ಣೆ ಕಲೆಯ ಕಥೆ ನನಗೆ ಹೇಳಿದ್ದು ಅಮ್ಮ, ಹಾಸಿಗೆಯಿಂದ.

“ಅವಳಿಗೆ ಕೂಗ್ಬೇಡ. ನಿನ್ ಮುಲಾಮಿಂದ್ಲೇ ಬಟ್ಟೆ ಹಾಳಾಯ್ತು” ಅಂದಳು. “ಕೂತ್ಕೋ ಇಲ್ಲಿ. ನನ್ ಕೈ ಮುಟ್ಟಿ ನೋಡು.”

ಸಿಡಿಮಿಡಿಗುಟ್ಟುತ್ತಲೇ ಮುಟ್ಟಿದೆ. ಆಮೇಲೆ ತೋಳು, ಬೆನ್ನು ಮುಟ್ಟಿದೆ. ಎಂಬತ್ತೆರಡು ವರ್ಷದ ಮೈ, ಹನ್ನೊಂದು ತಿಂಗಳಿಂದ ಮಲಗಿದಲ್ಲೇ ಇರುವ ಮೈ. ಒಂದು ಹುಣ್ಣಿಲ್ಲ, ಒಂದು ಸಿಪ್ಪೆಯಿಲ್ಲ, ಒಳ್ಳೆ ಮಗುವಿನ ಕೆನ್ನೆಯ ಹಾಗಿತ್ತು. ಇಷ್ಟು ತಿಂಗಳು ಬಂದುಹೋಗಿ ಮಾಡುತ್ತಿದ್ದೆ, ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಹರಟೆ ಹೊಡೆದು ಎದ್ದುಹೋಗುತ್ತಿದ್ದೆ. ಅಮ್ಮನ ಬೆನ್ನು ಮುಟ್ಟಿ ನೋಡಿದ್ದು ಅವತ್ತೇ ಮೊದಲು.

“ಏನಮ್ಮಾ ಹಚ್ತಾಳೆ ನಿಂಗೆ?”

“ಏನ್ ಹಚ್ತಾಳೆ? ಬರೀ ಬಾದಾಮಿ ಎಣ್ಣೆ. ಆಸ್ಪತ್ರೆ ನರ್ಸಮ್ಮ ಹೇಳ್ಕೊಟ್ಟಿದ್ದು. ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒರೆಸ್ತಾಳೆ. ಪೂರ್ತಿ ಆರೋಕೆ ಬಿಡಲ್ಲ. ಮೈ ಇನ್ನೂ ಒದ್ದೆ ಇರೋವಾಗ್ಲೇ ಎರಡೇ ಹನಿ, ಅಂಗೈಲಿ ತಿಕ್ಕಿ, ತೆಳ್ಳಗೆ ಸವರ್ತಾಳೆ. ನೀರು ಒಳಗೆ ಉಳ್ಕೊಳ್ಳುತ್ತೆ, ಎಣ್ಣೆ ಬಾಗಿಲು ಹಾಕುತ್ತೆ. ನೀರಿಲ್ದೆ ಬಾಗಿಲು ಹಾಕಿದ್ರೆ ಒಳಗೇನಿರುತ್ತೆ, ಮಣ್ಣು?” ಅಮ್ಮ ನಕ್ಕಳು. “ದಿನಾ ನನಗೆ ಮಾಡ್ತಾಳೆ. ಮಾಡಿ ಮುಗ್ಸಿ ತನ್ನ ಕೈನ ಮತ್ತೆ ಸೋಪ್ ಹಾಕಿ ತಿಕ್ಕಿ ತೊಳ್ಕೊಂಡು ಕೆಲಸಕ್ಕೆ ಓಡ್ತಾಳೆ, ಬಟ್ಟೆಗೆ ಎಣ್ಣೆ ಹತ್ಬಾರ್ದು ಅಂತ.”

ಆ ಮಾತು ನನಗೆ ಸರಿಯಾಗಿ ತಾಗಿತು. ಚರ್ಮದ ಪಂಡಿತೆ ನಾನು, ಊರಿಗೆಲ್ಲ ಒಣ ಕೈಗೇ ಮೇಣ ಮೆತ್ತಿಸಿದವಳು. ಅಕ್ಕನೋ, ಸರಿಯಾದ ಕ್ರಮ ದಿನಾ ತನ್ನ ಕೈಯಿಂದಲೇ ಮಾಡುತ್ತಿದ್ದಳು. ಆ ಕೈಗೂ ಚರ್ಮವಿದೆ ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಅವಳ ಪಾಲಿಗೆ ಕೈ ಎಂದರೆ ಗಿರಣಿಯ ಸಾಮಾನು, ಒರೆಸಿ ಒಣಗಿಸಿ ಇಡಬೇಕಾದ್ದು.

ಅಕ್ಕ ಒಳಗೆ ಬಂದ ಕೂಡಲೇ ಹೇಳಿದೆ: “ನಾಳೆಯಿಂದ ಬಟ್ಟೆ ನಾನು ಒಗೀತೀನಿ. ನೀನು ಬಕೆಟ್ ಮುಟ್ಟಿದ್ರೆ ನೋಡು.”

“ನಿನಗ್ಯಾಕೇ ತೊಂದ್ರೆ, ಎರಡು ಬಸ್ ಬದಲಾಯಿಸಿ...”

“ಬಾಯ್ಮುಚ್ಚು” ಅಂದೆ. ಪ್ರೀತಿಗೂ ನನಗೆ ಬರುವುದು ಅದೇ ಭಾಷೆ.

ಹೀಗೆ ಶುರುವಾಯಿತು. ಪರೀಕ್ಷೆಗೆ ಇನ್ನು ಇಪ್ಪತ್ತು ದಿನ. ಬೆಳಗ್ಗೆ ಗಿರಣಿಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ನಾನು ಹೋಗಿ ಅಮ್ಮನ ಬಟ್ಟೆ ಒಗೆದೆ. ಅಕ್ಕ ಬೆಳಗ್ಗೆ ಎದ್ದ ಕೂಡಲೇ ಬೆಚ್ಚನೆ ನೀರಲ್ಲಿ ಕೈ ಅದ್ದಿ, ಒರೆಸದೆ ಬರೀ ಕೊಡವಿ, ಒದ್ದೆಗೇ ಎರಡು ಹನಿ ಎಣ್ಣೆ ಸವರಿಕೊಂಡು, ಅದು ಹೀರಿಕೊಳ್ಳುವ ತನಕ ಕೈ ಮೇಲೆತ್ತಿಕೊಂಡು ಕೂರಬೇಕಿತ್ತು. ಸುಮ್ಮನೆ ಕೂರುವುದು ಅವಳಿಗೆ ಬಾರದ ವಿದ್ಯೆ. “ಅಷ್ಟರಲ್ಲಿ ಆ ಲೋಟ ತೊಳೆದಿಟ್ಬಿಡ್ಲಾ?” ಅನ್ನುವಳು. “ಕೂತ್ಕೋ ಅಂದ್ನಲ್ಲ!” ಅಂತ ನಾನು ಬಚ್ಚಲಿಂದ ಗದರುವೆ. ಅಮ್ಮ ಹಾಸಿಗೆಯಿಂದ, “ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಇವಳು” ಅನ್ನುವಳು. ಅರ್ಧ ಗಂಟೆಯಾದ ಮೇಲೆ ಒಣ ಬಟ್ಟೆಯಲ್ಲಿ ಕೈ ಒತ್ತಿ, ತೆಳು ಕಾಗದ ಹಿಡಿದು ನೋಡುವುದು. ಮೊದಲ ದಿನಗಳಲ್ಲಿ ಕಲೆ ಬಿತ್ತು. ಎರಡು ಹನಿ ಒಂದೂವರೆಯಾಯಿತು. ಚಳಿ ಜೋರಾದ ವಾರ ಒಂದೂವರೆ ಸಾಲದೆ ಮತ್ತೆ ಎರಡಾಯಿತು. ಮೈಯನ್ನೇ ಕೇಳಿಕೊಂಡು ಮಾಡಬೇಕಾದ ಲೆಕ್ಕ ಅದು. ಒಡಕು ಕೂಡಿತು, ಸಿಪ್ಪೆ ಉದುರಿತು. ಹದಿನೈದನೇ ದಿನದ ಹೊತ್ತಿಗೆ ಅವಳ ಬೆರಳು ಹಿಡಿದು ನೋಡಿದರೆ ಹಳೆಯ ಬೆರಳಕ್ಕನೇ.

ಪರೀಕ್ಷೆಯ ಹಿಂದಿನ ಭಾನುವಾರ, ಒಂದೇ ಒಂದು ದಿನ, ನಾನು ಹೋಗಲಿಲ್ಲ. ಕೂದಲು ಕತ್ತರಿಸುವ ಅಂಗಡಿಯೊಂದರಿಂದ ನಲವತ್ತು ಡಬ್ಬಿಗೆ ಆರ್ಡರ್ ಬಂದಿತ್ತು, ಒಲೆಯ ಮೇಲೆ ಮೇಣ ಕರಗುತ್ತಿತ್ತು. “ಬಟ್ಟೆ ನೆನೆಸಿಟ್ಟಿರು, ನಾಳೆ ಬಂದು ಒಗೀತೀನಿ” ಅಂತ ಫೋನಿನಲ್ಲಿ ಹೇಳಿದೆ. ಮರುದಿನ ಹೋದರೆ ಬಟ್ಟೆಯೆಲ್ಲ ತಂತಿಯ ಮೇಲಿತ್ತು. “ಪಕ್ಕದ ಮನೆಯವಳು ಒಗೆದುಕೊಟ್ಟಳು” ಅಂದಳು ಅಕ್ಕ. ಸದ್ಯ, ಒಂದು ಕೆಲಸ ತಪ್ಪಿತು ಅಂದುಕೊಂಡೆ.

ಒಂದನೇ ತಾರೀಖು ಬಂತು. ಊಟದ ಬಿಡುವಿನ ಹೊತ್ತಿಗೆ ಮೇಲಿನ ಮಹಡಿಯ ಮೆಟ್ಟಿಲ ಬಳಿ ಪರೀಕ್ಷೆ. ನಾವು ಕೆಳಗಿನವರೂ ಹೋಗಿ ನಿಂತೆವು. ಅಕ್ಕ ಕಾಗದದ ಮೇಲೆ ಅಂಗೈ ಒತ್ತಿದಳು. ಮೇಸ್ತ್ರಿ ಕಾಗದವನ್ನು ಕಿಟಕಿಗೆ ಹಿಡಿದು ನೋಡಿ, “ಸ್ವಚ್ಛ” ಅಂದರು. ರೇಷ್ಮೆ ಬಲಗೈ ಮೇಲೆ ಹರಿಯಿತು, ಸದ್ದಿಲ್ಲ. ಎಡಗೈ ಮೇಲೆ ಹರಿಯಿತು, ಹೆಬ್ಬೆರಳಿಂದ ಕಿರುಬೆರಳಿನ ತನಕ, ಸದ್ದಿಲ್ಲ. ಮೇಸ್ತ್ರಿ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

“ಮೇಸ್ತ್ರಿ,” ಅಂದಳು ಅಕ್ಕ. “ಸಿಕ್ಕಿತು.”

“ಏನಮ್ಮಾ?”

“ಎಡಗೈ ಉಂಗುರ ಬೆರಳು. ಒಂದು ಎಳೆ ಸಿಕ್ಕಿತು.”

“ನನಗೆ ಕೇಳಿಸ್ಲಿಲ್ಲವಲ್ಲಮ್ಮ.”

“ನಿಮಗೆ ಕೇಳಿಸ್ಲಿಲ್ಲ. ನನಗೆ ಗೊತ್ತಾಯ್ತು.”

ಅವಳ ಕಾಲು ತುಳಿಯೋಣವೆಂದರೆ ನಾನು ನಾಲ್ಕು ಮಾರು ದೂರದಲ್ಲಿದ್ದೆ. ಮೇಸ್ತ್ರಿ ಭೂತಗನ್ನಡಿ ತರಿಸಿದರು. ಇಡೀ ತುಂಡಿನಲ್ಲಿ ಒಂದೇ ಒಂದು ಎಳೆ, ಕೂದಲ ನಾಲ್ಕನೇ ಒಂದು ಭಾಗದಷ್ಟು ತೆಳುವಾದದ್ದು, ಎದ್ದು ನಿಂತಿತ್ತು. ಬೆರಳ ಗೆಣ್ಣಿನ ಬಳಿ ಹೊಸದಾಗಿ ಬಿರಿದ ಸಣ್ಣ ಒಡಕು. ಮೇಸ್ತ್ರಿ ಭೂತಗನ್ನಡಿ ಕೆಳಗಿಟ್ಟರು. ಆಮೇಲೆ ಮುಖ ತಗ್ಗಿಸಿಕೊಂಡೇ ಪುಸ್ತಕದಲ್ಲಿ ಬರೆದರು. ಮಧ್ಯಾಹ್ನದ ಗಂಟೆ ಹೊಡೆದಾಗ ಅಕ್ಕ ತನ್ನ ನೀರಿನ ಬಾಟಲಿ, ಸ್ವೆಟರ್ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ನನ್ನ ಪಕ್ಕ ನಿಂತಳು.

ಆ ಮಧ್ಯಾಹ್ನವೆಲ್ಲ ನಾನು ಸಿಡಿದೆ. ಮೇಸ್ತ್ರಿಯನ್ನು ಬೈದೆ, ಗಿರಣಿಯನ್ನು ಬೈದೆ, “ದೊಡ್ಡ ಸತ್ಯವಂತೆ, ಸುಮ್ನಿದ್ದಿದ್ರೆ ಗಂಟೇನು ಹೋಗ್ತಿತ್ತು?” ಅಂತ ಅವಳನ್ನೂ ಬೈದೆ. ಅವಳು, “ಅಲ್ವೇ, ಇವತ್ತು ಸುಮ್ನಿದ್ದಿದ್ರೆ ನಾಳೆ ಥಾನಿನ ಮೇಲೆ ಕೈ ಇಟ್ಟಾಗ ಯಾವ ಬಾಯಲ್ಲಿ ‘ನಿಲ್ಸಿ’ ಅನ್ನಲಿ?” ಅಂದಳು, ಅಷ್ಟೇ. ಸಂಜೆ ಬಟ್ಟೆ ಒಗೆಯಲು ಹೋದಾಗಲೂ ನನ್ನ ಗೊಣಗಾಟ ನಿಂತಿರಲಿಲ್ಲ.

“ಇಪ್ಪತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ್ನಲ್ಲಮ್ಮಾ, ಆ ಒಂದು ಬೆರಳು ಎಲ್ಲಿ ಒಡೀತು?”

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. “ಹೇಳ್ಬೇಡ ಅಂದಿದ್ಲು” ಅಂದಳು. ಆಮೇಲೆ ತಾನೇ, “ಆ ಭಾನುವಾರ ನಂದು ಹೊಟ್ಟೆ ಕೆಟ್ಟಿತ್ತು. ನೆನೆಸಿಡೋ ಹಾಗಿರ್ಲಿಲ್ಲ. ಪಕ್ಕದ ಮನೆಯವಳು ಊರಲ್ಲೇ ಇರ್ಲಿಲ್ಲ. ಆರು ಸಲ ಒಗೆದ್ಲು” ಅಂದಳು.

ನಾನು ಒದ್ದೆ ಕೈಯಲ್ಲೇ ಬಚ್ಚಲ ಹೊಸಿಲ ಮೇಲೆ ಕೂತುಬಿಟ್ಟೆ.

ಮರುದಿನ ಕೆಲಸದಲ್ಲಿ, ಮಡಿಕೆ ಮೇಜಿನ ಮುಂದೆ, ಅವಳ ಮುಖ ನೋಡದೆ ಕೇಳಿದೆ: “ಆರು ಸಲ ಒಗೆದ್ಯಂತೆ.”

ಅವಳು ಕಾಗದ ಇಡುತ್ತಲೇ ಇದ್ದಳು. “ಅಮ್ಮ ಬಾಯಿಬಿಟ್ಲಾ?”

“ಯಾರಿಗೂ ಕೇಳಿಸದೇ ಇರೋ ಎಳೇನ ಅಷ್ಟು ಜನರ ಮುಂದೆ ಹೇಳ್ದೆ. ನನಗೆ ‘ಬಾರೇ, ಇವತ್ತು ಆಗ್ತಿಲ್ಲ’ ಅಂತ ಒಂದು ಫೋನ್ ಮಾಡೋಕಾಗ್ಲಿಲ್ವಾ?”

ಅಕ್ಕ ಮಡಿಕೆ ನೀವಿ ನೇರ ಮಾಡಿದಳು. “ಮಾಡೋಣ ಅಂತ ಫೋನ್ ಕೈಗೆತ್ಕೊಂಡೆ. ನಿನ್ ಕೋಪ ನನಗೆ ಗೊತ್ತಿಲ್ವೇನೇ? ಹನ್ನೊಂದು ತಿಂಗಳಾದ್ಮೇಲೆ ನೀನು ದಿನಾ ಬರೋಕೆ ಶುರು ಮಾಡಿದ್ದೆ. ಅಮ್ಮ ದಿನಾ ಬೆಳಗ್ಗೆ ನಿನ್ ಬಸ್ ಸದ್ದು ಕೇಳಿಸ್ಕೊಂಡು ಕಾಯ್ತಾಳೆ. ಒಂದು ಮಾತು ಅಂದು, ನೀನು ಮುನಿಸ್ಕೊಂಡು ಬರೋದೇ ನಿಲ್ಸಿದ್ರೆ?”

ಐವತ್ತು ವರ್ಷ ನನ್ನ ಕೋಪವನ್ನು ದೊಡ್ಡ ಒಡವೆಯ ಹಾಗೆ ಮೆರೆಸಿಕೊಂಡು ಬಂದವಳು ನಾನು. ಅದಕ್ಕೆ ಹೆದರಿ ನನ್ನ ಅಕ್ಕ ತನ್ನ ಮೇಜನ್ನೇ ಬಿಟ್ಟುಕೊಟ್ಟಿದ್ದಳು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. “ಇನ್ಮೇಲೆ ಬೈ ನನ್ನ” ಅಂದೆ. “ಬರದೇ ಇದ್ರೆ ಬೈ.” ಅವಳು ನಕ್ಕು, “ಆಯ್ತು, ಮೊದಲು ಆ ಕಾಗದ ನೆಟ್ಟಗೆ ಇಡು” ಅಂದಳು.

ಕೆಳಗಿನ ಮಹಡಿಯ ಕಾಗದದ ಧೂಳು ಇದ್ದಬದ್ದ ತೇವವನ್ನೆಲ್ಲ ಹೀರುತ್ತದೆ. ಅದರ ನಡುವೆಯೂ ಅಕ್ಕ ತಿಂಗಳಿಡೀ ಒದ್ದೆ ಕೈ, ಎರಡು ಹನಿ ತಪ್ಪಿಸಲಿಲ್ಲ, ನಾನು ಬಕೆಟ್ ತಪ್ಪಿಸಲಿಲ್ಲ. ಮುಂದಿನ ಒಂದನೇ ತಾರೀಖು ಅವಳು ಮತ್ತೆ ಪರೀಕ್ಷೆಗೆ ನಿಂತಳು. ರೇಷ್ಮೆ ಎಳೆದಾದ ಮೇಲೆ ಮೇಸ್ತ್ರಿ ಪುಸ್ತಕಕ್ಕೆ ಕೈ ಹಾಕದೆ ಅವಳ ಮುಖ ನೋಡುತ್ತ ನಿಂತರು. “ಇಲ್ಲ ಮೇಸ್ತ್ರಿ, ಎಲ್ಲೂ ಸಿಕ್ಕಿಲ್ಲ” ಅಂದಳು. ಆಮೇಲೆ ಬರೆದರು. ಅಕ್ಕ ಸ್ವೆಟರ್ ತೆಗೆದುಕೊಂಡು ಮೇಲಕ್ಕೆ ಹೋದಳು.

ಇದಾಗಿ ಎಂಟು ತಿಂಗಳು. ಮೊನ್ನೆ ನನಗೆ ಜ್ವರ ಬಂದು ಬೆಳಗ್ಗೆ ಏಳಲಾಗಲಿಲ್ಲ, ಹೇಳಿಕಳಿಸಲೂ ಮರೆತೆ. ಏಳು ಗಂಟೆಗೆ ಫೋನ್ ಬಂತು. “ಏನೇ, ಎಲ್ಲಿ ಸತ್ತೆ? ಬಟ್ಟೆ ಇಲ್ಲಿ ರಾಶಿ ಬಿದ್ದಿದೆ, ಯಾರು ಒಗೀತಾರೆ, ನಿಮ್ಮಜ್ಜಿನಾ?” ಅಂತ ಅಕ್ಕ ಒಂದೇ ಉಸಿರಿಗೆ ಬೈದಳು. ಐವತ್ತು ವರ್ಷದಲ್ಲಿ ಅವಳು ನನಗೆ ಜೋರು ಮಾಡಿದ್ದು ಅದೇ ಮೊದಲು. ನಾನು ಫೋನ್ ಕಿವಿಗೆ ಒತ್ತಿಕೊಂಡು, ಅವಳು ಬೈದು ಮುಗಿಸುವ ತನಕ ಅಳುತ್ತ ಕೇಳಿಸಿಕೊಂಡೆ.